ಡೇರಿಗೂ ಗೊಂಬೆಗೂ ಏನು ಸಂಬಂಧ?

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ದೊಡ್ಡ ಭಾಷಣಕಾರನೇನೂ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು. ಸಂಘದ ಲೆಕ್ಕಪತ್ರ, ಲಾಭ ನಷ್ಟ, ನಡೆದು ಬಂದ ದಾರಿ ಇದನ್ನೆಲ್ಲಾ ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ಹಾಗಾಗಿ ನಾನು ಮುಂದಿನ ಮಾತು ಒಂದನ್ನು ಆಡುತ್ತೇನೆ. ಕಳೆದ ಬೇಸಿಗೆ ರಜದಲ್ಲಿ ನಮ್ಮೂರಿನ ಮಕ್ಕಳು ಮತ್ತು ಕೆಲವು ಹೆಣ್ಣುಮಕ್ಕಳು ಸೇರಿ ಮನೆಯಲ್ಲೇ ಗೊಂಬೆ ಮಾಡಿ, ಮೊಬೈಲಿನಲ್ಲೇ ಹಿಡಿದು, ಮೂರು ಗೊಂಬೆ ವಿಡಿಯೋ ಮಾಡಿದ್ದು ನಿಮಗೆಲ್ಲಾ ಗೊತ್ತು. ಡೇರಿಯ ಹಾಲ್‌ನಲ್ಲಿ ಸಂಜೆ ಹಾಲಿನ ಹೊತ್ತಿಗೆ ಅವನ್ನು ಹಾಕಿದಾಗ ನಕ್ಕವರುಂಟು, ಸಿಟ್ಟಾದವರೂ ಉಂಟು. ಈ ಕೆಲಸವನ್ನು ತಿಂಗಳಿಗೆ ಎರಡು ಸಾರಿಯಂತೆ ತಪ್ಪದೆ ನಡೆಸಬೇಕು, ಅದಕ್ಕೆ ಸಂಘದ ಒಪ್ಪಿಗೆ ಬೇಕು ಎಂಬುದೇ ಇವತ್ತು ನನ್ನ ಬೇಡಿಕೆ.

ಈ ಮಾತು ಎತ್ತಿದಾಗ ಹಿರಿಯರೊಬ್ಬರು ಕೇಳಿದರು: "ಅಲ್ಲಪ್ಪಾ, ಡೇರಿ ಅಂದ್ರೆ ಹಾಲು ಅಳೆಯೋದು, ದುಡ್ಡು ಬಟವಾಡೆ ಮಾಡೋದು. ಡೇರಿಗೂ ಗೊಂಬೆಗೂ ಏನಪ್ಪಾ ಸಂಬಂಧ?" ಕೇಳಬೇಕಾದ ಪ್ರಶ್ನೆಯೇ ಅದು. ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ.

ನಮ್ಮ ಮನೆಗೆ ಯಾರ ಮಾತು ಬರುತ್ತಿದೆ?

2022ನೇ ಇಸವಿಯಲ್ಲಿ ಚರ್ಮಗಂಟು ರೋಗ ಬಂದದ್ದು ಯಾರೂ ಮರೆತಿಲ್ಲ. ಮೈಮೇಲೆಲ್ಲಾ ಗಂಟು, ಜ್ವರ, ಮೇವು ಬಿಡುವುದು, ಹಾಲು ಬತ್ತುವುದು. ದನಗಳ ಸಂತೆ ಜಾತ್ರೆಗಳಿಗೆ ತಡೆ ಬಿತ್ತು. ರೋಗ ಹರಡಿದ್ದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ. ಆದರೆ ರೋಗಕ್ಕಿಂತ ಬೇಗ ಹರಡಿದ್ದು ಮಾತು. "ಈ ಹಸುಗಳ ಹಾಲು ಕುಡಿದರೆ ಮನುಷ್ಯರಿಗೂ ಗಂಟು ಬರುತ್ತೆ" ಅಂತ ಯಾರೋ ಎಲ್ಲಿಂದಲೋ ಕಳಿಸಿದ ಒಂದು ಧ್ವನಿ ವಾಟ್ಸಾಪಿನಲ್ಲಿ ಊರೆಲ್ಲಾ ತಿರುಗಿತು. ಆ ರೋಗ ಮನುಷ್ಯರಿಗೆ ಬರುವುದಿಲ್ಲ, ಕಾಯಿಸಿದ ಹಾಲು ಕುಡಿಯಲು ಭಯ ಬೇಡ ಎಂದು ಪಶುವೈದ್ಯರು ಹೇಳಿದರು. ನಾವು ಅದನ್ನು ಬರೆದು ಡೇರಿಯ ನೋಟಿಸ್ ಬೋರ್ಡಿಗೆ ಹಾಕಿದೆವು. ನೋಟಿಸನ್ನು ಓದಿದವರೆಷ್ಟು ಮಂದಿ? ಧ್ವನಿಯನ್ನು ಕೇಳಿದವರೆಷ್ಟು ಮಂದಿ? ನೀವೇ ಯೋಚಿಸಿ.

ನೋಟಿಸು ನೋಡಬೇಕಾದರೆ ಮನುಷ್ಯ ಡೇರಿಗೆ ಬರಬೇಕು, ಅವನಿಗೆ ಓದು ಬರಬೇಕು, ಓದುವ ಮನಸ್ಸೂ ಇರಬೇಕು. ಧ್ವನಿಯಾದರೆ ಕೊಟ್ಟಿಗೆಗೇ ಬರುತ್ತದೆ, ಹಾಲು ಕರೆಯುವಾಗಲೂ ಕೇಳುತ್ತದೆ. ಸುಳ್ಳು ಆ ದಾರಿಯಲ್ಲಿ ಬರುವಾಗ ನಿಜವನ್ನು ಬೋರ್ಡಿಗೆ ಅಂಟಿಸಿ ಕುಳಿತರೆ ಹೇಗೆ? ನಿಜವೂ ಅದೇ ದಾರಿಯಲ್ಲಿ ಹೋಗಬೇಕು. ಅದೂ ನಮ್ಮ ಊರಿನ ಧ್ವನಿಯಲ್ಲಿ, ನಮ್ಮ ಮಾತಿನ ವರಸೆಯಲ್ಲಿ ಹೋಗಬೇಕು.

ಗೊಂಬೆ ನಮಗೆ ಹೊಸದಲ್ಲ

ಗೊಂಬೆ ಅಂದರೆ ಮಕ್ಕಳಾಟ ಎಂದು ತಿಳಿಯಬಾರದು. ನಮ್ಮ ನಾಡಿನಲ್ಲಿ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಊರೂರು ತಿರುಗಿ ರಾತ್ರಿಯಿಡೀ ರಾಮಾಯಣ ಮಹಾಭಾರತ ಆಡಿಸುತ್ತಿದ್ದರು. ಮಳೆ ಹೋದಾಗ, ದನಕರುಗಳಿಗೆ ರೋಗ ಬಡಿದಾಗ ಊರವರೇ ಕರೆಸಿ ಆಟ ಆಡಿಸುತ್ತಿದ್ದರು. ನೋಡಿ, ದನದ ರೋಗಕ್ಕೂ ಗೊಂಬೆಗೂ ನಂಟು ಅಂಟಿಸಿದವನು ನಾನಲ್ಲ, ನಮ್ಮ ಹಿರೀಕರು. ಅವರು ದೇವರನ್ನು ಬೇಡಿಕೊಳ್ಳಲು ಆಡಿಸಿದರು. ನಾವು ಅದರ ಜೊತೆಗೆ ಲಸಿಕೆಯ ತಾರೀಖನ್ನೂ ಹೇಳಿಸೋಣ, ಅಷ್ಟೇ.

ಆ ಆಟದಲ್ಲಿ ರಾಮ ರಾವಣರ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ಹೋಗುತ್ತವೆ. ಅವು ಯಾರನ್ನು ಬೇಕಾದರೂ ಆಡಿಕೊಳ್ಳಬಹುದು. ಗೌಡನನ್ನು, ಶಾನುಭೋಗನನ್ನು, ರಾಜನನ್ನೂ ಬಿಡುವುದಿಲ್ಲ. ಜನ ನಗುತ್ತಾರೆ, ಆಡಿಸಿಕೊಂಡವನೂ ನಗಲೇಬೇಕಾಗುತ್ತದೆ. ಮನುಷ್ಯ ಹೇಳಿದರೆ ಜಗಳ, ಗೊಂಬೆ ಹೇಳಿದರೆ ನಗು. ಇದು ಗೊಂಬೆಗೆ ಇರುವ ಶಕ್ತಿ.

ಈ ವಿದ್ಯೆಯನ್ನು ಉಳಿಸಿದವರ ಹೆಸರನ್ನು ಇಂಥ ಸಭೆಯಲ್ಲಿ ಹೇಳಬೇಕು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಜೀವಮಾನವೆಲ್ಲಾ ತೊಗಲುಗೊಂಬೆ ಆಡಿಸಿ, ತೊಂಬತ್ತು ದಾಟಿದ ಮೇಲೆ 2025ರಲ್ಲಿ ಪದ್ಮಶ್ರೀ ಪಡೆದರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ತೊಗಲುಗೊಂಬೆಯಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆ, ಗಾಂಧೀಜಿಯವರ ಕಥೆ ಆಡಿಸಿದರು. ಪುರಾಣವನ್ನೇ ಆಡಬೇಕೆಂದೇನೂ ಇಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಅವರು 2023ರಲ್ಲಿ ತೀರಿಕೊಂಡರು. ಕುಂದಾಪುರದ ಹತ್ತಿರ ಉಪ್ಪಿನಕುದ್ರು ಎಂಬ ಊರಿನಲ್ಲಿ ಕಾಮತ್ ಮನೆತನದವರು ತಲೆತಲಾಂತರದಿಂದ ಯಕ್ಷಗಾನದ ಸೂತ್ರದ ಗೊಂಬೆ ಆಡಿಸಿಕೊಂಡು ಬಂದಿದ್ದಾರೆ. ಬೆಂಗಳೂರಿನ ಅನುಪಮಾ ಹೊಸಕೆರೆಯವರು ಮರದ ಗೊಂಬೆಗಳನ್ನು ಕೆತ್ತಿಸಿ ಆಡಿಸುತ್ತಾ 2024ರಲ್ಲಿ ಪದ್ಮಶ್ರೀ ಪಡೆದರು.

ನಮ್ಮ ಕೆಲಸಕ್ಕೆ ತೀರಾ ಹತ್ತಿರದ ಉದಾಹರಣೆ ಗಡಿನಾಡು ಕಾಸರಗೋಡಿನದು. ಅಲ್ಲಿ 1981ರಲ್ಲಿ ಶುರುವಾದ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವನ್ನು ಕೆ. ವಿ. ರಮೇಶ್ ಅವರು ನಡೆಸಿಕೊಂಡು ಬಂದಿದ್ದಾರೆ. 2020ರಲ್ಲಿ ಕೊರೊನಾ ಬಂದು ಜನ ಸೇರುವುದೇ ನಿಂತಾಗ ಅದೇ ಯಕ್ಷಗಾನದ ಬೊಂಬೆಗಳನ್ನು ಆಡಿಸಿ, ರೋಗದ ಬಗ್ಗೆ ತಿಳಿವಳಿಕೆಯ ವಿಡಿಯೋ ಮಾಡಿ ಜನರಿಗೆ ತಲುಪಿಸಿದರು. ಆಟಕ್ಕೆ ಜನ ಬರಲಾಗದಿದ್ದರೆ ಆಟವೇ ಜನರ ಮನೆಗೆ ಹೋಗಲಿ ಎಂಬುದು ಅವರ ದಾರಿ. ನಾವೂ ಆ ದಾರಿಯನ್ನೇ ಹಿಡಿದಿದ್ದೇವೆ.

ಡೇರಿಗೂ ಚಿತ್ರಕ್ಕೂ ಇರುವ ನಂಟು

ಇನ್ನು ಡೇರಿಗೆ ಬರೋಣ. ಹಾಲಿನ ಸಹಕಾರ ಬಲವಾಗಿ ಬೆಳೆದದ್ದು ಗುಜರಾತಿನ ಖೇಡಾ ಜಿಲ್ಲೆಯಲ್ಲಿ. ಅದೇ ಜಿಲ್ಲೆಯಲ್ಲಿ 1975ರಲ್ಲಿ ಬಾಹ್ಯಾಕಾಶ ಸಂಸ್ಥೆಯವರು ಹಳ್ಳಿಗಳಿಗಾಗಿಯೇ ಒಂದು ಟೆಲಿವಿಷನ್ ಯೋಜನೆ ಶುರು ಮಾಡಿದರು. ಸುಮಾರು 400 ಹಳ್ಳಿಗಳಿಗೆ ಟಿವಿ ಕೊಟ್ಟರು. ಹಳ್ಳಿಯಲ್ಲಿ ಟಿವಿ ಇಟ್ಟದ್ದು ಎಲ್ಲಿ ಅಂತೀರಿ? ಬಹುಮಟ್ಟಿಗೆ ಹಾಲಿನ ಸಂಘದ ಕಟ್ಟಡದಲ್ಲೇ! ಸಂಜೆ ಹಾಲು ಹಾಕಿದವರು ಅಲ್ಲೇ ಕುಳಿತು ನೋಡುತ್ತಿದ್ದರು. ಹಳ್ಳಿಯವರ ಭಾಷೆಯಲ್ಲಿ, ಹಳ್ಳಿಯವರ ಕಷ್ಟಸುಖದ ಕಾರ್ಯಕ್ರಮಗಳು. ಆ ಕೆಲಸಕ್ಕೆ 1984ರಲ್ಲಿ ಯುನೆಸ್ಕೋದವರ ಪ್ರಶಸ್ತಿ ಬಂತು.

1976ರಲ್ಲಿ ಶ್ಯಾಮ್ ಬೆನೆಗಲ್ ಅವರು "ಮಂಥನ್" ಎಂಬ ಹಿಂದಿ ಸಿನಿಮಾ ತೆಗೆದರು. ಹಾಲಿನ ಸಂಘ ಕಟ್ಟುವ ಕಥೆ. ನಮ್ಮವರೇ ಆದ ಗಿರೀಶ್ ಕಾರ್ನಾಡ್, ಅನಂತನಾಗ್ ಅದರಲ್ಲಿ ಪಾತ್ರ ಮಾಡಿದ್ದಾರೆ. ಆ ಸಿನಿಮಾಕ್ಕೆ ಬಂಡವಾಳ ಹಾಕಿದ್ದು ಯಾವ ಸಾಹುಕಾರನೂ ಅಲ್ಲ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಹನಿಹನಿ ಗೂಡಿದರೆ ಹಳ್ಳ ಅನ್ನುವುದು ಬರೀ ಗಾದೆಯಲ್ಲ ಸ್ವಾಮಿ. ಆ ಚಿತ್ರವನ್ನು 2024ರಲ್ಲಿ ಮತ್ತೆ ಹೊಸದು ಮಾಡಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಾಲು ಹಾಕುವ ಜನ ಸೇರಿದರೆ ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಮೂರನೆಯದು ನಮ್ಮ ಬೆಂಗಳೂರಿನಿಂದಲೇ ಹೊರಟದ್ದು. 2006ರ ಸುಮಾರಿಗೆ ಡಿಜಿಟಲ್ ಗ್ರೀನ್ ಎಂಬ ಕೆಲಸ ಶುರುವಾಯಿತು. ರೈತರ ಹೊಲದಲ್ಲೇ, ರೈತರ ಬಾಯಲ್ಲೇ ಸಣ್ಣ ಸಣ್ಣ ವಿಡಿಯೋ ಮಾಡಿ, ಸಂಜೆ ಹೊತ್ತು ಟಿವಿಯಲ್ಲಿ ಹಳ್ಳಿಯವರಿಗೆ ತೋರಿಸುವುದು. ಕರ್ನಾಟಕದ 16 ಹಳ್ಳಿಗಳಲ್ಲಿ 13 ತಿಂಗಳು ಪರೀಕ್ಷೆ ಮಾಡಿ ನೋಡಿದರು. ಬರೀ ಮಾತಿನಲ್ಲಿ ಹೇಳಿದ ಊರುಗಳಿಗಿಂತ ವಿಡಿಯೋ ತೋರಿಸಿ, ಜೊತೆಗೆ ಕೂತು ಚರ್ಚೆ ಮಾಡಿದ ಊರುಗಳಲ್ಲಿ ಹೊಸ ಪದ್ಧತಿ ಹಿಡಿದವರು ಎಷ್ಟೋ ಪಟ್ಟು ಹೆಚ್ಚು. ವಿಡಿಯೋ ನೋಡಿದ ರೈತರು ಮೊದಲು ಕೇಳುತ್ತಿದ್ದ ಪ್ರಶ್ನೆ ಏನು ಗೊತ್ತೇ? "ಇವನು ಯಾವೂರವನು? ಹೆಸರೇನು?" ನಮ್ಮಂಥವನೇ ಎಂದು ಗೊತ್ತಾದ ಮೇಲೆಯೇ ಅವನ ಮಾತಿಗೆ ಕಿವಿಗೊಟ್ಟರು. ಇದರಲ್ಲಿ ನಮಗೆ ಎರಡು ಪಾಠವಿದೆ. ಧ್ವನಿ ನಮ್ಮೂರಿನದೇ ಆಗಿರಬೇಕು. ವಿಡಿಯೋ ಹಾಕಿ ಸುಮ್ಮನೆ ಎದ್ದು ಹೋಗಬಾರದು, ಕೂತು ಮಾತಾಡಬೇಕು.

ಗೊಂಬೆ ಮಾಡುವ ಬಗೆ

"ನಮಗೆಲ್ಲಿ ಬರುತ್ತೆ ಈ ವಿದ್ಯೆ?" ಅನ್ನುವವರಿಗೆ ಒಂದು ಮಾತು. ನಮ್ಮ ತಾಯಂದಿರಿಗೆ ಇದು ಆಗಲೇ ಬರುತ್ತದೆ. ಹಳೇ ಕಾಗದ ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಮೊರಕ್ಕೆ, ಬುಟ್ಟಿಗೆ ಬಳಿಯುತ್ತಿದ್ದರಲ್ಲ, ಅದೇ ಮುದ್ದೆಯಿಂದ ಗೊಂಬೆಯ ತಲೆ ಆಗುತ್ತದೆ. ಒಂದು ಚಕ್ಕೋತ ಹಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮೇಲೆ ಆ ಮುದ್ದೆ ಬಳಿದು, ಮೂಗು, ಹುಬ್ಬು, ಕಿವಿ ತಿದ್ದಿ, ನಾಲ್ಕೈದು ದಿನ ನೆರಳಲ್ಲಿ ಒಣಗಿಸಿದರು. ಆಮೇಲೆ ಎರಡು ಹೋಳು ಮಾಡಿ ಹಣ್ಣು ತೆಗೆದು ಮತ್ತೆ ಅಂಟಿಸಿದರು. ಹೀಗೆ ಹುಟ್ಟಿದವನೇ ನಮ್ಮ ಚಕ್ಕೋತಜ್ಜ. ದೇವನಹಳ್ಳಿ ಚಕ್ಕೋತಕ್ಕೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ಅಜ್ಜನಿಗೂ ಅದರಲ್ಲಿ ಪಾಲಿದೆ ಅಂತ ಮಕ್ಕಳು ತಮಾಷೆ ಮಾಡುತ್ತಾರೆ.

ಅಜ್ಜನ ಮೀಸೆ ರೇಷ್ಮೆ ಗೂಡಿನ ಜುಂಗು. ಪುಟ್ಟಕ್ಕನ ಸೀರೆ ದೊಡ್ಡಬಳ್ಳಾಪುರದ ಮಗ್ಗದ ಮನೆಯಿಂದ ತಂದ ತುಂಡು ಬಟ್ಟೆ. ಗೌರಿ ಎಂಬ ಹಸುವಿನ ಮುಖ ಹಳೇ ಕಾಲುಚೀಲ, ಕೊಂಬು ರಾಗಿಹುಲ್ಲನ್ನು ಸುತ್ತಿ ಬಟ್ಟೆ ಹೊಲಿದದ್ದು. ಕೈಯನ್ನು ಗವುಸಿನ ಹಾಗೆ ಒಳಗೆ ತೂರಿಸಿ, ತೋರುಬೆರಳು ತಲೆಗೆ, ಹೆಬ್ಬೆರಳು ನಡುಬೆರಳು ಎರಡು ಕೈಗೆ ಕೊಟ್ಟರೆ ಗೊಂಬೆ ಆಡುತ್ತದೆ. ಕಲಿಯಲು ಒಂದು ವಾರ ಸಾಕು.

ರಂಗಸ್ಥಳ ಎಂದರೆ ಹಗ್ಗದ ಮಂಚವನ್ನು ಅಡ್ಡಲಾಗಿ ನಿಲ್ಲಿಸಿ ಕಂಬಳಿ ಹೊದಿಸಿದ್ದು. ಆಡಿಸುವವರು ಹಿಂದೆ ಕೂರುತ್ತಾರೆ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಜಗಲಿಯ ಮೇಲೆ ಬರುವ ಬೆಳಕೇ ಸಾಕು. ಬೆಳಕು ಗೊಂಬೆಯ ಮುಖಕ್ಕೆ ಬೀಳಬೇಕು, ಬೆನ್ನಿಗಲ್ಲ. ಮೊಬೈಲನ್ನು ಅಡ್ಡ ಹಿಡಿದು, ಕೈ ಅಲುಗದ ಹಾಗೆ ಹಾಲಿನ ಕ್ಯಾನಿನ ಮೇಲೆ ಇಟ್ಟು ಕಟ್ಟಬೇಕು.

ಕಷ್ಟ ಬಂದದ್ದು ಧ್ವನಿಗೆ. ನಾಯಿ ಬೊಗಳುತ್ತೆ, ಟ್ರ್ಯಾಕ್ಟರ್ ಹೋಗುತ್ತೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ತಲೆ ಮೇಲೆ ವಿಮಾನಕ್ಕೇನೂ ಬರವಿಲ್ಲ. ಅಜ್ಜ ಬಾಯಿ ತೆರೆದಾಗಲೆಲ್ಲಾ ಒಂದು ವಿಮಾನ! ಕೊನೆಗೆ ಮಾತನ್ನು ಬೇರೆಯಾಗಿ ಒಳಕೋಣೆಯಲ್ಲಿ, ಬಾಗಿಲಿಗೆ ರಜಾಯಿ ಕಟ್ಟಿ ಮುದ್ರಿಸಿದೆವು. ಆಮೇಲೆ ಆ ಮಾತಿಗೆ ತಕ್ಕಂತೆ ಗೊಂಬೆ ಆಡಿಸಿ ಚಿತ್ರ ಹಿಡಿದೆವು. ಎರಡನ್ನೂ ಸೇರಿಸುವ ಕೆಲಸ ಮೊಬೈಲಿನಲ್ಲೇ ಆಗುತ್ತದೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ಅದು ನೀರು ಕುಡಿದಷ್ಟು ಸುಲಭ. ಮೂರು ವಿಡಿಯೋಕ್ಕೆ ಅಂಟು, ಬಣ್ಣ, ಮೊಬೈಲ್ ಸ್ಟ್ಯಾಂಡು ಎಲ್ಲಾ ಸೇರಿ ಆದ ಖರ್ಚು 640 ರೂಪಾಯಿ. ಅದನ್ನೂ ನಾವು ನಾಲ್ಕು ಜನ ಹಂಚಿಕೊಂಡೆವು, ಸಂಘದ ಒಂದು ಪೈಸೆ ಮುಟ್ಟಿಲ್ಲ.

ನಾಲ್ಕು ನಿಮಿಷದಲ್ಲಿ ಏನು ಹೇಳಬಹುದು?

ಮೊದಲನೆಯ ವಿಡಿಯೋ ನೋಡದವರಿಗಾಗಿ ಅದರ ಸ್ವಲ್ಪ ಭಾಗವನ್ನು ಇಲ್ಲಿ ಹೇಳುತ್ತೇನೆ.

ಅಜ್ಜ: ಏನವ್ವಾ ಗೌರಿ, ಆಗ್ಲೇ ಮಲಗೋಕೆ ಹೊಂಟ್ಯಾ?
ಹಸು: ಹಾಲು ಕರೆದಾಯ್ತಲ್ಲ ಅಜ್ಜಾ, ಇನ್ನೇನು ಕೆಲ್ಸ ಐತೆ ನಂಗೆ?
ಅಜ್ಜ: ಅರ್ಧ ಗಂಟೆ ನಿಂತ್ಕೋ ತಾಯಿ.
ಹಸು: ನಿಂತ್ಕೊಂಡ್ರೆ ಕೂಲಿ ಕೊಡ್ತೀಯಾ?
ಅಜ್ಜ: ಒಂದು ತೆಕ್ಕೆ ಹಸಿಹುಲ್ಲು ಕೊಡ್ತೀನಿ. ಕರೆದ ಮೇಲೆ ಮೊಲೆತೊಟ್ಟಿನ ಬಾಯಿ ಸ್ವಲ್ಪ ಹೊತ್ತು ತೆರೆದೇ ಇರ್ತದೆ. ಸಗಣಿ ಗಂಜಳದ ಮೇಲೆ ಮಲಗಿದ್ರೆ ಅಲ್ಲಿಂದ್ಲೇ ಕಾಯಿಲೆ ಒಳಕ್ಕೆ ಹೋಗಿ ಕೆಚ್ಚಲುಬಾವು ಆಗ್ತದೆ.
ಹಸು: ಈ ಬುದ್ಧಿವಾದ ನಂಗೆ ಹೇಳ್ತೀಯಲ್ಲ! ಹುಲ್ಲು ಹಾಕ್ದೆ ಕ್ಯಾನು ಎತ್ಕೊಂಡು ಡೇರಿಗೆ ಓಡ್ತಾನಲ್ಲ ಯಜಮಾನ, ಅವ್ನಿಗೆ ಹೇಳು!

ಹಾಲ್ ತುಂಬಾ ನಗು. ಮಾರನೆಯ ದಿನ ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ಕೇಳುತ್ತಿದ್ದರು, "ಏನಪ್ಪಾ, ಗೌರಿಗೆ ಹುಲ್ಲು ಹಾಕಿ ಬಂದ್ಯಾ?" ಇದೇ ಮಾತನ್ನು ಡಾಕ್ಟರು ತರಬೇತಿಗಳಲ್ಲಿ ಎಷ್ಟೋ ಸಾರಿ ಹೇಳಿದ್ದಾರೆ. ಮಾತು ಅದೇ, ಗೊಂಬೆಯ ಬಾಯಲ್ಲಿ ಬಂದಾಗ ಬಾಯಿಂದ ಬಾಯಿಗೆ ಹೋಯಿತು.

ವರ್ಷಕ್ಕೆ ಬೇಕಾದಷ್ಟು ವಿಷಯ ನಮ್ಮ ಕೊಟ್ಟಿಗೆಯಲ್ಲೇ ಬಿದ್ದಿದೆ. ಆರು ತಿಂಗಳಿಗೊಮ್ಮೆ ಬರುವ ಕಾಲುಬಾಯಿ ಜ್ವರದ ಲಸಿಕೆ. ಹುಟ್ಟಿದ ಕರುವಿಗೆ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸುವುದು. ಒಂದು ಲೀಟರ್ ಹಾಲಿಗೆ ಹಸು ನಾಲ್ಕೈದು ಲೀಟರ್ ನೀರು ಕುಡಿಯಬೇಕಾದ್ದರಿಂದ ಬೇಸಿಗೆಯಲ್ಲಿ ಬಾನಿ ಖಾಲಿ ಬಿಡಬಾರದು ಎಂಬುದು. ಇಂಜೆಕ್ಷನ್ ಕೊಡಿಸಿದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದೇಕೆ. ಫ್ಯಾಟ್ ಎಂದರೇನು, ಎಸ್‌ಎನ್‌ಎಫ್ ಎಂದರೇನು, ಅದಕ್ಕೂ ನಮ್ಮ ರೇಟಿಗೂ ಏನು ಲೆಕ್ಕ. ಸಂಕ್ರಾಂತಿಯ ದಿನ ಕಿಚ್ಚು ಹಾಯಿಸುವಾಗ ಗಬ್ಬದ ಹಸುವನ್ನು ಬಿಡಿ ಎನ್ನುವುದು. ರಾಗಿಹುಲ್ಲಿನ ಮೆದೆಗೆ ಬೆಂಕಿ ತಗುಲದಂತೆ ಕಾಯುವುದು. ತಿಂಗಳಿಗೆ ಎರಡರಂತೆ ಹಿಡಿದರೂ ಎರಡು ವರ್ಷಕ್ಕೆ ಮುಗಿಯದಷ್ಟು ಮಾತು ಇದೆ.

ತಪ್ಪದೆ ಬರಬೇಕು

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಗೊಂಬೆ ಮಾಡುವುದಲ್ಲ, ನಿಲ್ಲಿಸದೆ ಮಾಡುವುದು. ಉತ್ಸಾಹದಲ್ಲಿ ಶುರು ಮಾಡಿ ಮೂರಕ್ಕೆ ನಿಂತ ಕೆಲಸಗಳು ಪ್ರತಿ ಊರಿನಲ್ಲೂ ಇವೆ. ನಮ್ಮ ಸಂಘಕ್ಕೆ ಜನ ನಂಬಿಕೆ ಇಟ್ಟದ್ದು ಯಾಕೆ? ಹಬ್ಬವಿರಲಿ, ಸಾವಿರಲಿ, ಮಳೆ ಬರಲಿ, ಬೆಳಗ್ಗೆ ಸಂಜೆ ಎರಡು ಹೊತ್ತು ಬಾಗಿಲು ತೆಗೆದದ್ದಕ್ಕೆ. ಒಂದು ದಿನ ತೆಗೆದು ಒಂದು ದಿನ ಮುಚ್ಚಿದ್ದರೆ ಇವತ್ತು ಬೆಳ್ಳಿಹಬ್ಬ ಇರುತ್ತಿರಲಿಲ್ಲ. ವಿಡಿಯೋಕ್ಕೂ ಅದೇ ಲೆಕ್ಕ. ಈ ದಿನ ಚಕ್ಕೋತಜ್ಜ ಬರುತ್ತಾನೆ ಎಂದರೆ ಬರಲೇಬೇಕು. ಕಾಯುವ ಅಭ್ಯಾಸ ಆದಮೇಲೆಯೇ ಮಾತಿಗೆ ಬೆಲೆ.

ಅದಕ್ಕೆ ಕೆಲವು ಏರ್ಪಾಟು ಯೋಚಿಸಿದ್ದೇವೆ. ಎರಡನೇ ಶನಿವಾರ ಮತ್ತು ನಾಲ್ಕನೇ ಶನಿವಾರ ಸಂಜೆ ಹಾಲಿನ ಹೊತ್ತು, ಇದು ಗೊತ್ತುಪಡಿಸಿದ ದಿನ. ಶುರು ಮಾಡುವ ಮೊದಲೇ ಆರು ವಿಡಿಯೋ ಮಾಡಿ ಇಟ್ಟುಕೊಳ್ಳುವುದು. ಪರೀಕ್ಷೆ, ಬಿತ್ತನೆ, ಕೊಯ್ಲು ಬಂದಾಗ ಈ ಕೂಡಿಟ್ಟದ್ದು ಕೈ ಹಿಡಿಯುತ್ತದೆ. ಕಣಜದಲ್ಲಿ ರಾಗಿ ಇದ್ದವನಿಗೆ ಮಳೆ ತಡವಾದರೂ ಎದೆ ಒಡೆಯುವುದಿಲ್ಲ. ಒಂದೊಂದು ವಿಡಿಯೋ ನಾಲ್ಕು ನಿಮಿಷ ಮೀರಬಾರದು, ಒಂದರಲ್ಲಿ ಒಂದೇ ವಿಷಯ. ಬರೆಯುವವರು, ಆಡಿಸುವವರು, ಧ್ವನಿ ಕೊಡುವವರು, ಮೊಬೈಲ್ ಹಿಡಿಯುವವರು ಎಲ್ಲಾ ಕೆಲಸಕ್ಕೂ ಇಬ್ಬಿಬ್ಬರು ಇರಬೇಕು. ಒಬ್ಬರಿಗೆ ಮದುವೆಯಾಗಿ ಬೇರೆ ಊರಿಗೆ ಹೋದರೂ ಆಟ ನಿಲ್ಲಬಾರದು.

ಮೊಬೈಲ್ ಇಲ್ಲದ ಹಿರಿಯರಿಗಾಗಿ ಡೇರಿ ಹಾಲ್‌ನ ಟಿವಿಯಲ್ಲಿ ತೋರಿಸುವುದು, ನೋಡಿದ ಮೇಲೆ ಹತ್ತು ನಿಮಿಷ ಮಾತುಕತೆ. ಮಕ್ಕಳ ಧ್ವನಿ ಮಾತ್ರ ಇರುತ್ತದೆ, ಮುಖ, ಮನೆ, ಶಾಲೆ ಯಾವುದನ್ನೂ ತೋರಿಸುವುದಿಲ್ಲ. ಹೆತ್ತವರು ಒಪ್ಪಿದ ಮಕ್ಕಳನ್ನೇ ಸೇರಿಸಿಕೊಳ್ಳುತ್ತೇವೆ, ಓದಿಗೆ ತೊಂದರೆ ಕೊಡುವುದಿಲ್ಲ.

ಸಿಟ್ಟು ತರಿಸಿದ ವಿಡಿಯೋ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೂರನೆಯ ವಿಡಿಯೋ ಕೆಲವರಿಗೆ ಸಿಟ್ಟು ತರಿಸಿತು. ಅದರಲ್ಲಿ ಪುಟ್ಟಕ್ಕ ಎಂಬ ಗೊಂಬೆ ಅಜ್ಜನನ್ನು ಕೇಳುತ್ತಾಳೆ: "ಸಗಣಿ ಬಾಚೋಳು ನಾನು, ಹುಲ್ಲು ಕುಯ್ಯೋಳು ನಾನು, ಹಾಲು ಕರೆಯೋಳು ನಾನು. ಡೇರಿ ಪುಸ್ತಕದಾಗೆ ಮಾತ್ರ ನಾನ್ಯಾಕಿಲ್ಲ ಅಜ್ಜಾ?" ಅಜ್ಜ ತಲೆ ಕೆರೆದುಕೊಳ್ಳುತ್ತಾನೆ, ವಿಡಿಯೋ ಮುಗಿಯುತ್ತದೆ. ಅಷ್ಟೇ.

ಆ ಸಂಜೆ ಹಾಲ್‌ನಲ್ಲಿ ಯಾರೂ ನಗಲಿಲ್ಲ. ಮಾರನೆಯ ದಿನ "ಇದು ಮನೆ ಮುರಿಯೋ ಮಾತು, ಇಂಥದ್ದೆಲ್ಲಾ ಡೇರಿಯಲ್ಲಿ ಹಾಕಬೇಡಿ" ಎಂದು ಇಬ್ಬರು ಮೂವರು ಬಂದು ಹೇಳಿದರು. ಆದರೆ ಅದೇ ವಾರ ಕೆಲವು ಹೆಣ್ಣುಮಕ್ಕಳು ಸೆಕ್ರೆಟರಿ ಹತ್ತಿರ ಬಂದು ಸದಸ್ಯತ್ವದ ಅರ್ಜಿ ಕೇಳಿದರು. ಹಿಂದಿನ ಸಾಲಿನಲ್ಲಿ ಸೆರಗು ಮುಚ್ಚಿಕೊಂಡು ಕೂರುತ್ತಿದ್ದವರು ಅವರು, ಸಭೆಯಲ್ಲಿ ಒಂದು ದಿನ ಬಾಯಿ ತೆರೆದವರಲ್ಲ. ಆ ಪ್ರಶ್ನೆ ಬರೆದದ್ದು ಯಾರು ಎಂದು ಹಲವರು ನನ್ನನ್ನು ಕೇಳಿದ್ದಾರೆ. ನಾನು ಹೇಳುವುದಿಲ್ಲ. ಪುಟ್ಟಕ್ಕ ಕೇಳಿದಳು, ಅಷ್ಟು ಸಾಕು.

ಇದರಿಂದ ಯಾವ ಮನೆಯೂ ಮುರಿದಿಲ್ಲ. ರಾಜ್ಯದಲ್ಲಿ ಹೆಣ್ಣುಮಕ್ಕಳೇ ನಡೆಸುವ ಹಾಲಿನ ಸಂಘಗಳು ಎಷ್ಟೋ ಇವೆ, ಚೆನ್ನಾಗಿ ನಡೆಯುತ್ತಿವೆ. ಹಸುವಿನ ಹತ್ತಿರ ದಿನವೆಲ್ಲಾ ಇರುವವರು ಸದಸ್ಯರಾದರೆ, ಸಭೆಗೆ ಬಂದರೆ, ಸಂಘಕ್ಕೇ ಬಲ. ಲಸಿಕೆಯ ಮಾತು, ಶುಚಿಯ ಮಾತು ಅವರಿಗೆ ನೇರವಾಗಿ ತಲುಪುತ್ತದೆ.

ಈಗ ಆಡಳಿತ ಮಂಡಳಿಯಲ್ಲಿ ಒಂದು ಸಲಹೆ ಬಂದಿದೆ. ಗೊಂಬೆ ವಿಡಿಯೋ ನಡೆಯಲಿ, ಆದರೆ ಮೊದಲು ನಿರ್ದೇಶಕರು ನೋಡಿ, ಬೇಡದ ಮಾತು ತೆಗೆಸಲಿ ಎಂದು. ಸಲಹೆ ಕೊಟ್ಟವರ ಮೇಲೆ ನನಗೆ ಗೌರವವಿದೆ. ಅರ್ಧ ಭಾಗಕ್ಕೆ ನನ್ನ ಒಪ್ಪಿಗೆಯೂ ಇದೆ. ರೋಗ, ಔಷಧಿ, ಮೇವು, ಲಸಿಕೆ, ರೇಟು ಇವುಗಳ ಬಗ್ಗೆ ಹೇಳುವ ಪ್ರತಿ ಮಾತನ್ನೂ ಪಶುವೈದ್ಯರು ಅಥವಾ ಒಕ್ಕೂಟದ ವಿಸ್ತರಣಾಧಿಕಾರಿಗಳು ನೋಡಿ ಒಪ್ಪಿದ ಮೇಲೆಯೇ ಹಾಕಬೇಕು. ತಪ್ಪು ಮಾಹಿತಿ ಕೊಟ್ಟರೆ ನಮಗೂ ಆ ವಾಟ್ಸಾಪಿನವನಿಗೂ ಏನು ವ್ಯತ್ಯಾಸ? ಇನ್ನೂ ಕೆಲವು ಕಟ್ಟಳೆ ನಾವೇ ಹಾಕಿಕೊಂಡಿದ್ದೇವೆ. ಊರಿನಲ್ಲಿರುವ ಯಾರನ್ನೂ ಹೋಲುವ ಗೊಂಬೆ ಮಾಡುವಂತಿಲ್ಲ. ಜಾತಿ, ಪಕ್ಷ, ಚುನಾವಣೆ ಮಾತು ಬೇಡ. ಒಬ್ಬರ ಮನೆಯ ಸಾಲ, ಜಗಳ ಆಡುವಂತಿಲ್ಲ. ಹಾಲಿಗೆ ನೀರು ಬೆರೆಸುವುದು ತಪ್ಪು ಎಂದು ಹೇಳಬಹುದು, ಬೆರೆಸಿದವರು ಇಂಥವರು ಎಂದು ಸುಳಿವು ಕೊಡುವಂತಿಲ್ಲ.

ಆದರೆ ಗೊಂಬೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮಾಹಿತಿಗೆ ಜರಡಿ ಇರಲಿ, ಪ್ರಶ್ನೆಗೆ ಬೇಡ. ರಾಜನನ್ನೇ ಆಡಿಕೊಳ್ಳಲು ಕಿಳ್ಳೇಕ್ಯಾತನಿಗೆ ಬಿಟ್ಟ ನಾಡು ಇದು. ನಿರ್ದೇಶಕರಾದ ನಾವು ರಾಜರಿಗಿಂತ ದೊಡ್ಡವರೇ? ಬೇಕಾದರೆ ಮುಂದಿನ ಸರಣಿಯ ಮೊದಲನೆಯ ವಿಡಿಯೋದಲ್ಲಿ ಚಕ್ಕೋತಜ್ಜ ನಮ್ಮನ್ನೇ ಕೇಳಲಿ: "ಏನ್ರಪ್ಪಾ ನಿರ್ದೇಶಕರೇ, ಬೋನಸ್ ಲೆಕ್ಕ ಎಲ್ಲರಿಗೂ ಅರ್ಥ ಆಗೋ ಹಂಗೆ ಯಾವಾಗ ಹೇಳ್ತೀರಿ?" ನಾನು ಮುಂದಿನ ಸಾಲಿನಲ್ಲಿ ಕೂತು ನಗುತ್ತೇನೆ, ಆಮೇಲೆ ಎದ್ದು ಲೆಕ್ಕ ಹೇಳುತ್ತೇನೆ. ಸಹಕಾರ ಎಂದರೆ ಅದೇ ಅಲ್ಲವೇ? ಒಬ್ಬ ಸದಸ್ಯನಿಗೆ ಒಂದು ಓಟು. ಓಟು ಇದ್ದವನಿಗೆ ಪ್ರಶ್ನೆಯೂ ಇರಬೇಕು.

ಇನ್ನೊಂದು ಮಾತು. ಸುತ್ತಮುತ್ತ ನೋಡಿ. ಭೂಮಿ ಲೇಔಟು ಆಗುತ್ತಿದೆ, ಗೋಡೌನ್ ಆಗುತ್ತಿದೆ. ಕೊಟ್ಟಿಗೆ ಒಡೆದು ಬಾಡಿಗೆ ಮನೆ ಕಟ್ಟಿದವರು ನಮ್ಮಲ್ಲೂ ಇದ್ದಾರೆ, ಅದು ಅವರವರ ಕಷ್ಟ, ನಾನು ದೂರುವುದಿಲ್ಲ. ಆದರೆ ಮುಂದಿನ ಇಪ್ಪತ್ತೈದು ವರ್ಷ ಈ ಡೇರಿಗೆ ಹಾಲು ಹಾಕುವವರು ಯಾರು ಎಂಬ ಪ್ರಶ್ನ ಇದೆಯಲ್ಲ, ಅದಕ್ಕೆ ಉತ್ತರ ಮುಂದಿನ ಸಾಲಿನಲ್ಲಿ ಕುಳಿತಿರುವ ಈ ಮಕ್ಕಳು. ಸೀಮೆಹಸುವಿಗೆ ಎಷ್ಟು ಹಲ್ಲು ಎಂದು ಗೊತ್ತಿಲ್ಲದ ಮಕ್ಕಳು ಗೌರಿಯ ಮಾತು ಬರೆಯಲು ಕೊಟ್ಟಿಗೆಗೆ ಹೋಗಿ ಅಜ್ಜಿಯರನ್ನು ಕೇಳಿ ಬಂದರು. ಅಜ್ಜಿಯರೂ ಮೊದಲ ಬಾರಿಗೆ ಮೊಬೈಲಿನ ಮುಂದೆ ಕೂತು ತಮಗೆ ತಿಳಿದದ್ದನ್ನು ಹೇಳಿದರು. ಎಲ್ಲರೂ ಹಸು ಸಾಕಲಿ ಎಂದು ನಾನು ಹೇಳುವುದಿಲ್ಲ. ಹಸು ಸಾಕುವುದು ನಾಚಿಕೆಯ ಕೆಲಸವಲ್ಲ, ತಿಳಿವಳಿಕೆ ಬೇಕಾದ ಕೆಲಸ ಎಂಬುದು ಮಕ್ಕಳಿಗೆ ಗೊತ್ತಾಗಲಿ.

ಆದ್ದರಿಂದ ಈ ಸಭೆಯ ಮುಂದೆ ನನ್ನ ಬೇಡಿಕೆ ಮೂರು. ಒಂದು, ತಿಂಗಳಿಗೆ ಎರಡು ಶನಿವಾರ ಡೇರಿ ಹಾಲ್ ಮತ್ತು ಟಿವಿಯನ್ನು ಇದಕ್ಕೆ ಬಿಟ್ಟುಕೊಡಬೇಕು. ಎರಡು, ಹಣ ಬೇಡ. ಮನೆಗೊಂದು ಹಳೇ ಬಟ್ಟೆ, ಕಾಲುಚೀಲ, ಕಾಗದ ಕೊಟ್ಟರೆ ಸಾಕು. ಮೂರು, ಮಾಹಿತಿಯನ್ನು ಡಾಕ್ಟರು ನೋಡಲಿ, ಪ್ರಶ್ನೆಯನ್ನು ಯಾರೂ ತೆಗೆಸಬಾರದು ಎಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಒಂದು ವರ್ಷ ನಡೆಸಿ ನೋಡೋಣ. ಉಪಯೋಗವಿಲ್ಲ ಎಂದು ಮುಂದಿನ ಮಹಾಸಭೆಗೆ ಅನ್ನಿಸಿದರೆ ನಾವೇ ಗೊಂಬೆಗಳನ್ನು ಗೌರವದಿಂದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ.

ಹೆಚ್ಚು ಹೊತ್ತು ತೆಗೆದುಕೊಂಡೆ, ಸಂಜೆ ಹಾಲು ಕರೆಯುವ ವೇಳೆಯೂ ಆಗುತ್ತಾ ಬಂತು. ಬಂದವರು ಊಟ ಮಾಡಿಕೊಂಡೇ ಹೋಗಬೇಕು. 

ಜೈ ಸಹಕಾರ.